ಗಂಟಿನ ಕೆಳಗಿನ ಚಿಗುರು

ಚಳಿ ಬಿಡುವ ಕಾಲ, ಬೆಳಗಿನ ಏಳೂವರೆ, ಶುರುವಾದದ್ದು ಹೀಗೇ ಒಂದು ಬೆಳಗ್ಗೆ, ಕಿಟಕಿಯ ಬಿಸಿಲು ನಲ್ಲಿಯ ಮೂತಿಗೆ ಬಂದು ನಿಂತು, ಹನಿ ಉಬ್ಬಿ, ಹೊಳೆದು, ಬಿತ್ತು — ಈಗಲೂ ಬೀಳುತ್ತಿದೆ, ಮೂರು ವರ್ಷದಿಂದ ವಾಷರ್ ಬದಲಿಸಬೇಕು ಅಂದುಕೊಳ್ಳುತ್ತಲೇ ಇದ್ದೇನೆ, ತೊಳೆಯಬೇಕಾದದ್ದು ಒಂದು ಲೋಟ, ಕೈ ಎರಡನ್ನು ತೊಳೆದಿಟ್ಟಿದೆ, ಕೈಗೆ ಯಾರು ಹೇಳಬೇಕು, ಹಿತ್ತಲಲ್ಲಿ ಟಕ್ ಟಕ್ ಅಂದ ಹಾಗಾಯಿತು, ಕತ್ತರಿ ಅಂದುಕೊಂಡೆ, ಅಲ್ಲ, ಪಕ್ಕದ ಮನೆಯಾಕೆ ಒಣಹಾಕಿದ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸುತ್ತಿದ್ದಾಳೆ, ಕತ್ತರಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ, ಅದನ್ನು ಹಿಡಿಯುವವನು ಈ ಮನೆಯಲ್ಲಿಲ್ಲ, ಒಳ್ಳೇದಾಯಿತು, ಒಳ್ಳೇದೇ ಆಯಿತು. ಮರ ಮಾತ್ರ ಅವನು ನಿಲ್ಲಿಸಿ ಹೋದ ಹಾಗೆ ನಿಂತಿದೆ, ಅಟೆನ್ಷನ್‌ನಲ್ಲಿ, ಬಾವುಟವಿಲ್ಲದ ಕಂಬದ ಹಾಗೆ, ನೋಡಿದವರು ಇದನ್ನು ವಿಲೋ ಅನ್ನುವುದಿಲ್ಲ, ವೀಪಿಂಗ್ ವಿಲೋ ಅಂದರಂತೂ ನಕ್ಕಾರು, ಎಲ್ಲಿ ಅಳುತ್ತಿದೆ ತಾತಾ ಅಂದಾರು, ನರ್ಸರಿಯಲ್ಲಿ ನಾವು ಅದನ್ನು ಅಳುಮರ ಅಂತಲೇ ಕರೆಯುತ್ತಿದ್ದದ್ದು, ಕೊಂಬೆಗಳೆಲ್ಲ ಕೆಳಕ್ಕೆ ಇಳಿಬಿದ್ದು, ತಲೆಗೆ ನೀರು ಹಾಕಿಕೊಂಡು ಕೂದಲು ಮುಂದಕ್ಕೆ ಹಾಕಿ ಒರೆಸಿಕೊಳ್ಳುವ ಹೆಂಗಸಿನ ಹಾಗೆ, ಎದೆಯುದ್ದಕ್ಕಿಂತ ಮೇಲೆ ಹೋಗದ ಪುಟ್ಟ ಮರ, ಅದನ್ನು ಕಟ್ಟಿದವನು ನಾನು, ಕೆಡಿಸಿದವನು ಅವನು — ಅಲ್ಲ, ಅವನು ಬರೀ ಕತ್ತರಿಸಿದ. ಅವನು ನನ್ನ ಷಡ್ಡಕ. ನಮ್ಮವಳ ತಂಗಿಯ ಗಂಡ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು, ರಿಟೈರಾಗಿ ಹದಿನಾರು ವರ್ಷವಾದರೂ ಕೊರಳಲ್ಲಿ ವಿಸಿಲ್ ನೇತುಹಾಕಿಕೊಂಡೇ ಹಾಲು ತರಲು ಹೋಗುತ್ತಿದ್ದವನು. ಈ ಮನೆ ನಮ್ಮ ಮಾವನದು, ಎರಡು ಹೆಣ್ಣುಮಕ್ಕಳಿಗೆ ಸೇರಿಸಿ ಬರೆದಿಟ್ಟು ಹೋದ, ಅಕ್ಕ ತಂಗಿ ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಆದ್ದರಿಂದ ಗಂಡಂದಿರಾದ ನಾವು ಒಬ್ಬರನ್ನೊಬ್ಬರು ಸಹಿಸಿಕೊಂಡಿರಬೇಕು, ನಲವತ್ತು ವರ್ಷ, ಒಂದೇ ಅಡುಗೆಮನೆ, ಎಣ್ಣೆ ಸೀಗೆಕಾಯಿ ಒಂದೇ ಡಬ್ಬಿಯಲ್ಲಿ, ಆಮೇಲೆ ಅಕ್ಕನೂ ಹೋದಳು ತಂಗಿಯೂ ಹೋದಳು, ಡಬ್ಬಿಯಲ್ಲಿ ಉಳಿದದ್ದು ನಾವಿಬ್ಬರೇ.

ನಾನು ಮೂರನೇ ಕ್ಲಾಸಿಗೆ ಬಿಟ್ಟವನು, ಹದಿನಾಲ್ಕಕ್ಕೆ ನರ್ಸರಿ ಸೇರಿದವನು, ಕಸಿ ಕಟ್ಟುವ ಕೆಲಸ, ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಊಟಕ್ಕೆ ಏಳುವುದು, ಮೂವತ್ತು ದಾಟುವ ಹೊತ್ತಿಗೆ ಬೆನ್ನು ಬಾಗಿತು, ನನಗೇನೂ ಅನಿಸಲಿಲ್ಲ, ಬಡಗಿಗೆ ಬೆರಳು ಹೋಗುತ್ತದೆ, ದರ್ಜಿಗೆ ಕಣ್ಣು ಹೋಗುತ್ತದೆ, ನಮ್ಮ ಕಡೆಯವರಿಗೆ ಬೆನ್ನು. ಅವನ ಮದುವೆಯ ದಿನದವರೆಗೂ ಅನಿಸಿರಲಿಲ್ಲ. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ, ಮದುಮಗ ಅವನು ಸುಮ್ಮನೆ ಕುರ್ಚಿಯಲ್ಲಿ ಕೂರಬಾರದೇ, ಎದ್ದು ಬಂದ, ಡ್ರಿಲ್ ಮಾಡಿಸುವವನಲ್ಲವೇ, ಹಿಂದಿನ ಸಾಲು ಹಿಂದಕ್ಕೆ, ಎತ್ತರದವರು ಆ ಕಡೆ, ಎದೆ ಮುಂದೆ, ಹೊಟ್ಟೆ ಒಳಗೆ, ಎಲ್ಲರೂ ನಗುತ್ತಾ ಹೇಳಿದಂತೆ ಮಾಡಿದರು, ನನ್ನ ಮುಂದೆ ಬಂದು ನಿಂತ, ಅಣ್ಣಾ ನೆಟ್ಟಗೆ ನಿಂತ್ಕೊಳ್ಳಿ, ನಾನು ನಿಂತೆ, ಇನ್ನೂ ನೆಟ್ಟಗೆ, ಇಷ್ಟೇ ಬರೋದು ಮೇಷ್ಟ್ರೇ ಅಂದೆ, ಆಗ ಎರಡು ಬೆರಳು, ತೋರುಬೆರಳು ನಡುಬೆರಳು ಜೋಡಿಸಿ, ನನ್ನ ಗದ್ದದ ಕೆಳಗೆ ಇಟ್ಟು ಮೇಲಕ್ಕೆತ್ತಿದ, ಪೇಟೆಯಲ್ಲಿ ದನದ ಹಲ್ಲು ನೋಡುವವರು ಎತ್ತುತ್ತಾರಲ್ಲ ಹಾಗೆ, ಏನಣ್ಣಾ, ನೆಲದ ಮೇಲೆ ಏನಾದ್ರೂ ಬೀಳಿಸ್ಕೊಂಡಿದ್ದೀರಾ, ಅಂದ. ಸಾಲು ಸಾಲೇ ನಕ್ಕಿತು. ಅದು ಹೋಗಲಿ. ಜನ ಎಲ್ಲಿ ನಗುವುದಿಲ್ಲ. ಪಕ್ಕದಲ್ಲಿದ್ದ ನಮ್ಮವಳೂ ನಕ್ಕಳು, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು, ಒಂದೇ ಒಂದು ಕ್ಷಣ, ಹ್ಹ ಅಂತ, ಆಮೇಲೆ ತಕ್ಷಣ ನನ್ನ ಮುಖ ನೋಡಿ ನಿಲ್ಲಿಸಿದಳು, ನಿಲ್ಲಿಸಿದ್ದೇ ತಪ್ಪಾಯಿತು, ಪೂರ್ತಿ ನಕ್ಕಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಆ ಫೋಟೋ ಈಗಲೂ ನಡುಮನೆಯಲ್ಲಿದೆ, ಅದರಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದಾರೆ, ನಾನೊಬ್ಬನೇ ಮೇಲೆ ನೋಡುತ್ತಿದ್ದೇನೆ, ಮಾಡಿನಲ್ಲಿ ಜೇಡ ಕಂಡವನ ಹಾಗೆ. ಹೆಸರು ಬಂತು ಅಂದಿನಿಂದ, ಗೂನಣ್ಣ, ಮೊದಲು ಅವನು, ಆಮೇಲೆ ಅವನ ಸ್ಕೂಲಿನ ಮಕ್ಕಳು, ಆಮೇಲೆ ಬೀದಿ, ಪೋಸ್ಟಿನವನು ಕೂಡ ಗೂನಣ್ಣನ ಮನೆ ಅಂತ ಕೇಳಿಕೊಂಡು ಬಂದ ಒಮ್ಮೆ. ನನಗೆ ಮಾತು ಬರುವುದಿಲ್ಲ, ಕಾಯುವುದು ಬರುತ್ತದೆ. ಕಸಿ ಕೂಡಿಕೊಂಡಿತೋ ಇಲ್ಲವೋ ಗೊತ್ತಾಗಲು ಆರು ವಾರ ಬೇಕು, ನಡುವೆ ಬಿಚ್ಚಿ ನೋಡುವವನು ಕಸಬುದಾರನಲ್ಲ.

ನಮ್ಮವಳು ಹೋದದ್ದು ಮಳೆಗಾಲದ ಕೊನೆಗೆ, ಆರು ವರ್ಷವಾಯಿತು, ಬಂದವರೆಲ್ಲ ಅತ್ತರು, ನಾನು ಅಳಲಿಲ್ಲ, ಅವನ ಎದುರಿಗೆ ಅಳುವುದುಂಟೇ, ಅವನೂ ಅಳಲಿಲ್ಲ, ಡ್ರಿಲ್ ಮೇಷ್ಟ್ರು, ಕೈ ಹಿಂದೆ ಕಟ್ಟಿ ಸ್ಟ್ಯಾಂಡ್ ಅಟ್ ಈಸ್‌ನಲ್ಲಿ ನಿಂತಿದ್ದ. ಅವನ ಹೆಂಡತಿ, ನಮ್ಮ ಚಿಕ್ಕವಳೊಬ್ಬಳೇ ಅತ್ತು ಅತ್ತು ಬಡವಾದಳು, ಆಮೇಲೆ ಅವಳಿಗೇ ಕಾಯಿಲೆ ಹಿಡಿಯಿತು, ಹಿತ್ತಲ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತವಳು ಒಂದು ದಿನ, ಭಾವಾ, ನನಗೊಂದು ಅಳುಮರ ಕಟ್ಕೊಡಿ, ಯಾಕಮ್ಮ, ಈ ಮನೇಲಿ ಗಂಡಸರಿಗೆ ಅಳೋಕೆ ಬರಲ್ಲ, ಅದಾದ್ರೂ ಅಳ್ಲಿ. ಹಾಗಂದು ತಾನೇ ನಕ್ಕಳು, ಅವಳ ನಗುವಿನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಹಳೇ ನರ್ಸರಿಗೆ ಎರಡು ಬಸ್ಸು ಹತ್ತಿ ಹೋದೆ, ನೆಟ್ಟನೆ ಜಾತಿಯ ವಿಲೋ ಒಂದು, ಎದೆಯುದ್ದ ಬೆಳೆದದ್ದು, ಜೋಲು ಜಾತಿಯ ಕಡ್ಡಿ ನಾಲ್ಕು, ಒದ್ದೆ ಗೋಣಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ತಂದೆ. ಹದಿನೈದು ವರ್ಷದ ಮೇಲೆ ಚಾಕು ಹಿಡಿದೆ, ನೆಟ್ಟನೆಯದರ ತಲೆ ಹಾರಿಸಿ, ಸೀಳಿ, ಜೋಲುಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಸೀಳಿನೊಳಗೆ ಕೂರಿಸಿ, ಪಟ್ಟಿ ಸುತ್ತಿ, ಮೇಣ ಮೆತ್ತಿದೆ, ಚಿಕ್ಕವಳು ಕುರ್ಚಿ ಹಾಕಿಸಿಕೊಂಡು ನೋಡುತ್ತಾ ಕೂತಳು, ಹೇಗೆ ಭಾವಾ, ತಲೆ ಒಬ್ಬರದು ಕಾಲು ಒಬ್ಬರದು, ನಮ್ಮನೆ ಥರಾನೇ, ಅಂದಳು. ಹೌದಮ್ಮ, ಅಳೋದು ಮೇಲಿನದು, ಕೆಳಗಿನದು ಬರೀ ಹೊತ್ಕೊಂಡಿರೋದು, ಆದರೆ ಕೆಳಗಿನದು ಸುಮ್ಮನಿರಲ್ಲ, ಈ ಗಂಟಿನ ಕೆಳಗೆ ಚಿಗುರು ಬರುತ್ತೆ, ನೆಟ್ಟಗೆ ಬರುತ್ತೆ, ಜೋರಾಗಿ ಬರುತ್ತೆ, ಕಣ್ಣಿಗೆ ಚೆನ್ನಾಗಿರುತ್ತೆ, ಅದನ್ನ ಬಿಟ್ರೆ ಮೇಲಿನದರ ಬಾಯಿಂದ ಅನ್ನ ಕಿತ್ಕೊಳ್ಳುತ್ತೆ, ಮೇಲಿನದು ಒಣಗಿಹೋಗುತ್ತೆ, ಮೊಳಕೇಲೇ ಹೆಬ್ಬೆರಳಲ್ಲಿ ಹೀಗೆ ತೀಡಿದ್ರೆ ಸಾಕು, ಉದುರಿಹೋಗುತ್ತೆ. ಅವಳು ಕೇಳಿಸಿಕೊಂಡಳು. ಎರಡು ಬೇಸಗೆ ಆ ಮರದ ಪಕ್ಕದಲ್ಲೇ ಕೂತಳು, ಕೊಂಬೆ ಇಳಿದು ಇಳಿದು ಅವಳ ಮಡಿಲು ಮುಟ್ಟಿತು, ಎಲೆಗಳನ್ನು ಜಡೆ ಹೆಣೆಯುವ ಹಾಗೆ ಹೆಣೆಯುತ್ತಿದ್ದಳು, ಕೆಂಪು ಮೊಳಕೆ ಕಂಡರೆ ತಾನೇ ಹೆಬ್ಬೆರಳು ತೀಡುತ್ತಿದ್ದಳು. ಕೊನೆಯ ವಾರ ಮಂಚದಿಂದ ಏಳಲಾಗದೆ, ಅವನು ಔಷಧಿ ತರಲು ಹೋಗಿದ್ದಾಗ, ಭಾವಾ, ಆ ಮರ ಇವರಿಗೆ ಒಪ್ಪಿಸಿದ್ದೀನಿ, ನೋಡ್ಕೊಳ್ಳೋಕೆ ಏನಾದ್ರೂ ಬೇಕು ಅವರಿಗೆ, ಇಲ್ದಿದ್ರೆ ಹುಚ್ಚು ಹಿಡಿಯುತ್ತೆ, ಆದರೆ ಅವರಿಗೆ ಗಿಡ ಗೊತ್ತಾಗಲ್ಲ, ನೀವು ಹೇಳಿಕೊಡಿ. ಹೂಂ ಅಂದೆ. ಬರೀ ಹೂಂ ಅಲ್ಲ, ಹೇಳಿಕೊಡ್ತೀನಮ್ಮ, ಅಂದೆ. ಆಮೇಲೆ ಮತ್ತೆ ಕೇಳಿದಳು, ಖಂಡಿತಾ? ಅವಳಿಗೆ ನಾವಿಬ್ಬರೂ ಗೊತ್ತಿತ್ತು.

ಆ ಬೆಳಗ್ಗೆ, ಚಳಿ ಬಿಡುವ ಕಾಲ, ಏಳೂವರೆ, ಚಿಕ್ಕವಳು ಹೋಗಿ ಎರಡು ತಿಂಗಳಾಗಿತ್ತು, ಲೋಟ ತೊಳೆಯುತ್ತಾ ಕಿಟಕಿಯಿಂದ ನೋಡಿದೆ, ಗಂಟಿನ ಕೆಳಗೆ, ನಾಲ್ಕು ಬೆರಳು ಕೆಳಗೆ, ಕೆಂಪಗೆ ಒಂದು ಮೊಳಕೆ, ರಾಗಿಕಾಳಿನಷ್ಟು, ಈ ಕಣ್ಣಿಗೆ ಅದು ಮೂವತ್ತಡಿಯಿಂದಲೂ ಕಾಣುತ್ತದೆ. ಲೋಟ ಇಟ್ಟು ಹೋದೆ. ಹೆಬ್ಬೆರಳು ಚಾಚಿದ್ದೆ. ಹಿಂದಿನಿಂದ ಬಂದವನು ನನ್ನ ಕೈಗೆ ಹೊಡೆದ, ತಮಾಷೆಗಲ್ಲ, ಸ್ಕೂಲಿನಲ್ಲಿ ಹೊಡೆಯುತ್ತಿದ್ದನಲ್ಲ ಹಾಗೆ, ಮುಟ್ಟಬೇಡಿ, ಹೊಸ ಚಿಗುರು ಅದು, ನೋಡಿ ಹೇಗೆ ಬಂದಿದೆ, ನೆಟ್ಟಗೆ, ಆಕಾಶ ನೋಡ್ತಾ, ಇದು ನನ್ನ ಹೆಂಡ್ತಿ ಕಣ್ರೀ, ಕಾಯಿಲೆ ಬಂದು ಬಗ್ಗಿದ್ಲು ಅಷ್ಟೇ, ಹುಟ್ಟಾ ಬಗ್ಗಿದವಳಲ್ಲ, ನಿಮ್ಮ ಹಾಗೆ ನೆಲ ನೋಡ್ಕೊಂಡು ಬದುಕಿದವಳಲ್ಲ. ಬಾಯಿ ತೆರೆದಿದ್ದೆ. ಮೇಷ್ಟ್ರೇ, ಅದು ಬೇರೆ ಜಾತಿ, ಅದು ಅವಳಲ್ಲ, ಇಷ್ಟೇ ಹೇಳಬೇಕಾದದ್ದು, ಆರು ಮಾತು, ನಾಲಿಗೆಯ ಮೇಲೆ ಬಂದು ಕೂತಿತ್ತು. ಕೈ ಉರಿಯುತ್ತಿತ್ತು. ಮುಚ್ಚಿದೆ ಬಾಯಿ. ಒಳಗೆ ಬಂದು ಲೋಟ ಒರೆಸಿದೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುತ್ತಾರೆ, ನನಗೆ ಕೋಲೇ ಬೇಕಾಗಲಿಲ್ಲ, ಹಾವು ತನ್ನ ಬಾಲ ತಾನೇ ನುಂಗಲು ಶುರುಮಾಡಿತ್ತು, ನಾನು ಬರೀ ಕಿಟಕಿಯಲ್ಲಿ ನಿಂತೆ.

ಮೊದಲ ವರ್ಷ ಜೋಲುಕೊಂಬೆಗಳ ಕೆಳಗೆ ಕವೆಕೋಲು ಕೊಟ್ಟ, ಒಂದೊಂದಕ್ಕೂ ಒಂದೊಂದು, ಗದ್ದ ಮೇಲೆ, ಗದ್ದ ಮೇಲೆ, ಅನ್ನುತ್ತಾ, ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ, ಏನ್ ಮೇಷ್ಟ್ರೇ, ಮರಕ್ಕೂ ಡ್ರಿಲ್ಲಾ, ಅಂದರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮಾ, ನೆಟ್ಟಗಾಗೋದೂ ಹಾಗೇ, ಈಗಲೇ ಕಲಿಸಬೇಕು, ಅಂದ. ಕೋಲು ಕೊಟ್ಟರೂ ಕೊಂಬೆ ಕೋಲಿನ ಆಚೆಗೆ ಮತ್ತೆ ಜೋತುಬಿತ್ತು. ಸಿಟ್ಟು ಬಂದು ಕತ್ತರಿಸಿದ, ಟಕ್, ಟಕ್, ಭಾನುವಾರ ಭಾನುವಾರ, ಮಕ್ಕಳ ತಲೆಗೂದಲು ಉದ್ದವಾದರೆ ಗ್ರೌಂಡಿನಲ್ಲೇ ಕತ್ತರಿಸುತ್ತಿದ್ದನಂತೆ. ಗಂಟಿನ ಕೆಳಗಿನದು ಹೆಬ್ಬೆರಳ ದಪ್ಪ ಆಯಿತು, ಮಣಿಕಟ್ಟಿನ ದಪ್ಪ ಆಯಿತು, ಅವನ ಭುಜ ದಾಟಿತು, ತಲೆ ದಾಟಿತು, ಮಧ್ಯಾಹ್ನ ನಾನು ಮಲಗಿದ್ದೇನೆ ಅಂದುಕೊಂಡು ಅದರ ಪಕ್ಕ ನಿಂತು ಬೆನ್ನು ಹಚ್ಚಿ ಎತ್ತರ ನೋಡಿಕೊಳ್ಳುತ್ತಿದ್ದ, ನೋಡೇ, ನನ್ನ ಮೀರಿಸಿಬಿಟ್ಟೆ, ಅಂದದ್ದು ಕೇಳಿಸಿತು ನನಗೆ, ಅವಳು ಬದುಕಿದ್ದಾಗ ಅವನು ಅವಳ ಹತ್ತಿರ ಆ ದನಿಯಲ್ಲಿ ಮಾತಾಡಿದ್ದು ನಾನು ಕೇಳಿದ್ದಿಲ್ಲ. ಅದಕ್ಕೆ ನನಗೇನು. ಕೇಳಿಸಿಕೊಂಡೆ, ಮಗ್ಗುಲು ಬದಲಿಸಿದೆ. ಎರಡನೇ ವರ್ಷ ಟೀ ಕುಡಿಯುವಾಗ ಕೇಳಿದ, ಅಣ್ಣಾ, ಮರದ ಮೇಲ್ತಲೆ ಯಾಕೆ ಒಣಗ್ತಿದೆ, ನೀವು ನರ್ಸರೀಲಿದ್ದವರಲ್ವಾ. ಎಷ್ಟು ವರ್ಷದ ಮೇಲೆ ಅವನು ನನ್ನನ್ನು ಒಂದು ವಿಷಯ ಕೇಳಿದ್ದು, ಬಹುಶಃ ಮೊದಲ ಸಲ, ಗೂನಣ್ಣ ಅನ್ನಲಿಲ್ಲ, ನಾನು ಟೀಗೆ ಸಕ್ಕರೆ ಹಾಕಿದೆ, ಕಲಕಿದೆ, ಕಲಕುತ್ತಲೇ ಇದ್ದೆ, ಚಳಿ ಜಾಸ್ತಿ ಆಗಿರ್ಬೇಕು ಅಲ್ವಾ, ಅಂತ ಅವನೇ ಅಂದ, ಇರಬಹುದು, ಅಂದೆ. ಟೀ ಪಾಯಸವಾಗಿತ್ತು, ಕುಡಿದೆ. ಹೀಗೆ ಒಬ್ಬನ ಕೈಯಿಂದಲೇ ಅವನ ಹೆಂಡತಿಯ ಮರ ಕೊಲ್ಲಿಸಿದೆ, ಜೋರಾಗಿ ಒಂದು ಮಾತೂ ಆಡದೆ, ನರ್ಸರಿಯ ಮೇಸ್ತ್ರಿ ಹೇಳುತ್ತಿದ್ದ, ನಿನಗೆ ತಾಳ್ಮೆ ಇದೆ ಕಣೋ, ಈ ಕಸಬಿಗೆ ಅದೇ ಬೇಕಾದದ್ದು.

ಆಮೇಲೆ ಅವನ ಕಣ್ಣು ಹೋಯಿತು. ಪೊರೆ ಅಲ್ಲ, ನರ, ಡಾಕ್ಟರು ಆಪರೇಷನ್ನಿನಿಂದಲೂ ಬರುವುದಿಲ್ಲ ಅಂದರು, ಆರು ತಿಂಗಳಲ್ಲಿ ಬೆಳಕು ನೆರಳು ಇಷ್ಟೇ ಉಳಿಯಿತು, ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಳ್ಳುತ್ತಿದ್ದ, ಯಾಕೆಂದರೆ ತಲೆ ತಗ್ಗಿಸಿ ಅಭ್ಯಾಸವಿಲ್ಲ. ನಾನು ನಗಬೇಕಿತ್ತು, ಒಂದು ಸಲ ನಕ್ಕೆ ಕೂಡ, ಹ್ಹ ಅಂತ, ಯಾರು ಅಂತ ತಿರುಗಿದ. ಮರವನ್ನು ಕೈಯಲ್ಲಿ ತಡವಿ ನೋಡುತ್ತಿದ್ದ, ಬುಡದಿಂದ ಮೇಲಕ್ಕೆ, ಗಂಟಿನ ಹತ್ತಿರ ಬಂದಾಗ ಕೈ ನಿಲ್ಲುತ್ತಿತ್ತು, ಇದೇನಣ್ಣಾ ಇಲ್ಲಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗಿದೆ, ಅನ್ನುತ್ತಿದ್ದ. ನಾನು ಲೋಟ ತೊಳೆಯಲು ಒಳಗೆ ಹೋಗುತ್ತಿದ್ದೆ. ಗಂಟಿನ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಒಂದೇ ಒಂದು ಜೋಲುಕಡ್ಡಿ ಉಳಿದಿತ್ತು, ಗೇಣುದ್ದ, ಅವನ ಕತ್ತರಿಗೂ ಸಿಗದೆ ಬೆರಳಿಗೂ ಸಿಗದೆ, ಹಸಿರಾಗಿ, ಅದು ಹೇಗೆ ಬದುಕಿತ್ತೋ, ನನಗೆ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿತ್ತು, ದಿನಾ ಏಳೂವರೆಗೆ ನೋಡುತ್ತಿದ್ದೆ ಅದನ್ನು, ಒಣಗಲಿ ಅಂತಲೋ ಒಣಗದಿರಲಿ ಅಂತಲೋ, ಕೇಳಿದರೆ ಹೇಳಲಾರೆ. ಅವನ ತಮ್ಮನ ಮಗಳು ಬಂದು, ದೊಡ್ಡಪ್ಪಾ, ಇನ್ನು ನಮ್ಮಲ್ಲೇ ಇರಿ, ಗೋಡೆಗೆ ಗೋಡೆಗೆ ಹೊಡ್ಕೊಂಡು ಇಲ್ಲೇನ್ಮಾಡ್ತೀರಿ, ಅಂದಳು, ಒಳ್ಳೇ ಹುಡುಗಿ, ನನಗೂ ಬಟ್ಟೆ ತಂದಿದ್ದಳು. ಅವನು ಎರಡು ದಿನ ಒಪ್ಪಲಿಲ್ಲ, ಮೂರನೇ ದಿನ ಪೆಟ್ಟಿಗೆ ಕಟ್ಟಿದ, ವಿಸಿಲ್ ಕೊರಳಿಗೆ ಹಾಕಿಕೊಂಡ, ಅಣ್ಣಾ, ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ, ಅಂದ. ಮೊಣಕೈ ಹಿಡಿದು ಕರೆದುಕೊಂಡು ಹೋದೆ, ನಾನು ಬಾಗಿ, ಅವನು ನೆಟ್ಟಗೆ, ಪಕ್ಕದ ಮನೆಯಾಕೆ ನೋಡುತ್ತಾ ನಿಂತಳು. ಒಂದು ಕಡ್ಡಿ ಕತ್ತರಿಸಿ ಕೊಡಿ, ನೀರಲ್ಲಿಟ್ರೆ ಬೇರು ಬಿಡುತ್ತಂತಲ್ಲ, ಅಲ್ಲಿ ನೆಡ್ತೀನಿ, ಅವಳನ್ನ ಇಲ್ಲಿ ಬಿಟ್ಟು ಹೇಗೆ ಹೋಗ್ಲಿ. ಕತ್ತರಿ ನನ್ನ ಕೈಗೆ ಕೊಟ್ಟ. ಮೂರು ವರ್ಷ ನನ್ನ ಕೈಗೆ ಕೊಡದ ಕತ್ತರಿ, ಹಿಡಿ ಅವನ ಕೈಯ ಬಿಸಿಗೆ ಬೆಚ್ಚಗಿತ್ತು. ಒಂದು ಕಡೆ ನೆಟ್ಟನೆಯದರ ಕೊಂಬೆಗಳು, ಬೇಕಾದಷ್ಟು. ಇನ್ನೊಂದು ಕಡೆ, ಗೋಡೆಯ ಕಡೆ, ಗೇಣುದ್ದ ಹಸಿರು. ಅದನ್ನು ಕೊಟ್ಟರೆ ಅದಕ್ಕೆ ಕೋಲು ಕೊಟ್ಟು, ಎತ್ತಿ ಕಟ್ಟಿ, ನಿಲ್ಲಿಸಿ ಬೆಳೆಸಬೇಕು, ಅದು ಅವನಿಗೆ ಬರುವ ಕೆಲಸವೇ, ಲೋಕದಲ್ಲಿ ಅವನಿಗೆ ಬರುವ ಒಂದೇ ಕೆಲಸ, ಮೇಲಕ್ಕೆತ್ತುವುದು. ಕತ್ತರಿ ಎರಡರ ನಡುವೆ ಎಷ್ಟು ಹೊತ್ತು ಇತ್ತೋ, ಕಾರಿನ ಹಾರನ್ ಆಯಿತು, ದೊಡ್ಡಪ್ಪಾ, ಹೊತ್ತಾಯ್ತು. ಹಿಂಬದಿಗೆ ಒಂದು ಹೆಜ್ಜೆ ಇಟ್ಟೆ, ಇಟ್ಟದ್ದು ಖಂಡಿತ, ಆಗ ಅವನು, ನೆಟ್ಟಗಿರೋದು ನೋಡಿ ಕೊಡಿ ಅಣ್ಣಾ, ನಿಮ್ಮ ಥರದ್ದು ಬೇಡ, ಅಂದು ನಕ್ಕ, ಸುಮ್ಮನೆ ನಕ್ಕದ್ದು, ಹಳೇ ಅಭ್ಯಾಸ. ಟಕ್. ನೆಟ್ಟನೆಯದು ಒಂದು ಮೊಳ. ಒದ್ದೆ ಟವೆಲಿನಲ್ಲಿ ಸುತ್ತಿ ಕೈಗಿಟ್ಟೆ, ಮಗುವನ್ನು ಇಸಿದುಕೊಳ್ಳುವ ಹಾಗೆ ಇಸಿದುಕೊಂಡ, ತುದಿಯ ಎಲೆ ಮೂಸಿದ. ಆಮೇಲೆ ನಗು ಇಲ್ಲದೆ ಕೇಳಿದ, ಅವಳಿಗೆ ಬಗ್ಗಿದ್ದೇ ಇಷ್ಟ ಇತ್ತು, ನಾನೇ ಎಳೆದೆಳೆದು ನೆಟ್ಟಗೆ ಮಾಡಿಟ್ಟೆ, ಈಗ ಕಾಣದೇ ಇರುವಾಗ ಗೊತ್ತಾಗುತ್ತೆ ನೋಡಿ, ಅಲ್ಲಿ ಕತ್ತರಿ ಮುಟ್ಟಲ್ಲ, ಕೋಲು ಕೊಡಲ್ಲ, ಅದರ ಪಾಡಿಗೆ ಬಿಡ್ತೀನಿ, ಗಿಡವಾಗಿ ಬಗ್ಗದ್ದು ಅಂತ ನಾನೇ ಮಕ್ಕಳಿಗೆ ಹೇಳ್ತಿದ್ದೆ, ಇದು ಬಗ್ಗುತ್ತಾ ಅಣ್ಣಾ? ಬೇಲಿಯ ಮೇಲೆ ಪಕ್ಕದ ಮನೆಯ ಬೆಡ್‌ಶೀಟು ಗಾಳಿಗೆ ಉಬ್ಬಿ ಇಳಿಯಿತು. ಬಗ್ಗುತ್ತೆ, ಅಂದೆ. ಎಷ್ಟು ವರ್ಷ ಬೇಕು? ಮೂರು ವರ್ಷ, ಅಂದೆ. ಮೂರು, ಅಂತ ಅವನು ಹೇಳಿಕೊಂಡ, ಆಯ್ತು, ಇರ್ತೀನಿ ಅಷ್ಟು ದಿನ.

ಗುರುವಾರ ಹೋದ, ಗುರುವಾರ ಬೆಳಗ್ಗೆ, ಇವತ್ತಿಗೆ ನಾಲ್ಕು ದಿನ, ಅಷ್ಟರಲ್ಲಿ ಅಲ್ಲಿ ಬಾಟಲಿ ನೀರಿನಲ್ಲಿ ಬಿಳೀ ಬೇರು ಇಣುಕಿರುತ್ತದೆ, ವಿಲೋ ಬೇಗ ಬಿಡುತ್ತದೆ ಬೇರು, ಕೆಟ್ಟ ಜಾತಿ ಇನ್ನೂ ಬೇಗ, ಹುಡುಗಿ ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಹೋಗಿದ್ದಾಳೆ, ಅಂಕಿ ನನಗೆ ಓದಲು ಬರುತ್ತದೆ, ಅದು ಬೇರೆ ಜಾತಿ ಮೇಷ್ಟ್ರೇ, ಬಿಸಾಕಿ ಅದನ್ನ, ಬೇರೆ ಕಳಿಸ್ತೀನಿ, ಇಷ್ಟು ಅಂದರೆ ಸಾಕು, ಗೋಡೆಯ ಕಡೆ ಗೇಣುದ್ದ ಇನ್ನೂ ಹಸಿರಿದೆ, ಇವತ್ತು ಬೆಳಗ್ಗೆಯೂ ಇತ್ತು — ಆಗಲಿ ಬಿಡು, ಕಾಯಲಿ, ನಾನು ನಲವತ್ತು ವರ್ಷ ಕಾದಿಲ್ಲವೇ, ಮೂರು ವರ್ಷ ದಿನಾ ತಡವಿ ನೋಡಲಿ, ಬಗ್ಗಿತಾ, ಇನ್ನೂ ಇಲ್ಲ, ಬಗ್ಗಿತಾ, ಇಲ್ಲ, ನನ್ನ ಕೈಗೆ ಹೊಡೆದ ಕೈ ಅದು, ಫೋಟೋದಲ್ಲಿ ನನ್ನ — ಗುರುವಾರ ಗೇಟಿನ ಹತ್ತಿರ, ಹುಡುಗಿ ಕಾರಿನ ಬಾಗಿಲು ತೆಗೆದು ಹಿಡಿದಿದ್ದಳು, ಒಂದು ಕೈಯಲ್ಲಿ ಒದ್ದೆ ಟವೆಲು, ಇನ್ನೊಂದು ಕೈ ಗಾಳಿಯಲ್ಲಿ ನನ್ನನ್ನು ಹುಡುಕಿತು, ಅಣ್ಣಾ, ಎಲ್ಲಿದ್ದೀರಿ, ಪಕ್ಕದಲ್ಲೇ ನಿಂತಿದ್ದೆ, ಕೈ ನನ್ನ ಭುಜಕ್ಕೆ ತಾಗಿತು, ಇಳಿಯಿತು, ಏರಿತು, ಬೆನ್ನಿನ ಗೂನು ಮುಟ್ಟಿ ಗುರುತು ಹಿಡಿಯಿತು, ಹಾಂ, ಇಲ್ಲೇ ಇದ್ದೀರಾ, ಅಲ್ಲಿಂದ ಮುಂದಕ್ಕೆ ಬಂದು ಮುಖ ಹುಡುಕಿತು, ಎರಡು ಬೆರಳು, ತೋರುಬೆರಳು ನಡುಬೆರಳು, ಗದ್ದದ ಕೆಳಗೆ ಬಂದು ನಿಂತವು, ಎತ್ತಲಿಲ್ಲ, ಎತ್ತುತ್ತಾನೆ ಅಂತ ಕಾದೆ, ಎತ್ತಲಿಲ್ಲ, ತಣ್ಣಗಿದ್ದವು, ಟವೆಲಿನ ನೀರು ತಾಗಿ ಒದ್ದೆಯಾಗಿದ್ದವು, ಮುಖ ಎಲ್ಲಿದೆ ಅಂತ ತಿಳಿದುಕೊಂಡು ಅಷ್ಟೇ ಸುಮ್ಮನೆ ಅಲ್ಲೇ — ಲೋಟ ಎರಡು, ನಲ್ಲಿಯ ಮೂತಿಯಲ್ಲಿ ಹನಿ ಉಬ್ಬುತ್ತಿದೆ, ಗುರುವಾರದಿಂದ ಒರೆಸಿಕೊಂಡಿಲ್ಲ, ಒಣಗಿಯೂ ಇಲ್ಲ, ಗದ್ದದ ಕೆಳಗೆ ಆ ಎರಡು ಬೆರಳು.